ಒಡೆದ ಗಾಜು, ಒಡೆತನದ ಪ್ರಶ್ನೆ

(ಯುವಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಮೊಬೈಲು ಫೋನಿನ ಒಡೆದ ಗಾಜನ್ನು ನಾವೇ ಬದಲಿಸಿಕೊಳ್ಳುವುದು ಹೇಗೆ ಎಂಬುದು ಈ ಸಂಜೆಯ ವಿಷಯ. ಅಧ್ಯಯನ ಕೂಟದಲ್ಲಿ ಚರ್ಚಿಸಲು ಇದೂ ಒಂದು ವಿಷಯವೇ ಎಂದು ಕೆಲವರಿಗೆ ಅನ್ನಿಸಿರಬಹುದು. ಆದರೆ ಸ್ವಲ್ಪ ಯೋಚಿಸಿ ನೋಡಿ. ಇಂದು ಕೂಲಿಗೆ ಕರೆ ಬರುವುದು ಫೋನಿಗೆ. ಕೂಲಿಯ ಹಣ ಬರುವುದೂ ಎಷ್ಟೋ ಮಂದಿಗೆ ಅದರ ಮೂಲಕವೇ. ಮನೆಮನೆಗೆ ಊಟ ತಲುಪಿಸುವ ಹುಡುಗನಿಗೆ ಫೋನಿಲ್ಲದ ದಿನವೆಂದರೆ ದುಡಿಮೆಯಿಲ್ಲದ ದಿನ. ಬ್ಯಾಂಕಿನವರು ಕಳಿಸುವ ಓಟಿಪಿ ಮೂಡುವುದು ಆ ಗಾಜಿನ ಮೇಲೆಯೇ. ೧೯೯೫ರ ಜುಲೈ ೩೧ರಂದು ಕಲ್ಕತ್ತದಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖರಾಮ್ ಅವರಿಗೆ ಮಾಡಿದ ಕರೆ ಈ ದೇಶದ ಮೊದಲ ಮೊಬೈಲು ಕರೆ. ಅಂದು ಸಿರಿವಂತರ ಆಭರಣವಾಗಿದ್ದ ವಸ್ತು ಇಂದು ಬಡವನ ಉಪಕರಣವಾಗಿದೆ. ಉಪಕರಣ ಕೆಟ್ಟರೆ ದುಡಿಮೆ ನಿಲ್ಲುತ್ತದೆ. ಹೀಗಿರುವಲ್ಲಿ, ಅದನ್ನು ರಿಪೇರಿ ಮಾಡುವ ಬಲ ಯಾರ ಕೈಯಲ್ಲಿದೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. ಈ ಕೆಲಸದಲ್ಲಿ ಎರಡು ಬಗೆಯ ಕಷ್ಟಗಳಿವೆ. ಒಂದು, ವಸ್ತುವಿನ ಸ್ವಭಾವದಿಂದಲೇ ಬಂದದ್ದು. ಇನ್ನೊಂದು, ಮಾರುವವನು ಬೇಕೆಂದೇ ತಂದಿಟ್ಟದ್ದು. ಮೊದಲನೆಯದನ್ನು ಕೈಯ ಅಭ್ಯಾಸದಿಂದ ಗೆಲ್ಲಬಹುದು. ಎರಡನೆಯದನ್ನು ಕಾನೂನಿನಿಂದಲೇ ತೆಗೆಸಬೇಕು. ಇವೆರಡನ್ನೂ ಒಂದೇ ಎಂದು ತಿಳಿದು, ‘ಇದು ನಮ್ಮಂಥವರ ಕೈಲಾಗುವುದಲ್ಲ’ ಎಂದು ಸುಮ್ಮನಾಗುವುದು ತಕ್ಕದ್ದಲ್ಲ.

ಮೊದಲು ವಸ್ತುವನ್ನು ಅರಿಯೋಣ. ನಾವು ಗಾಜು ಎಂದು ಕರೆಯುವುದರಲ್ಲಿ ಮೂರು ಅಂಗಗಳಿವೆ. ಎಲ್ಲಕ್ಕೂ ಮೇಲಿನದು ಬರಿಯ ಗಾಜು. ಅದರಡಿಯಲ್ಲಿ ಬೆರಳಿನ ಸ್ಪರ್ಶವನ್ನು ಗುರುತಿಸುವ ಜಾಲರಿ. ಅದರಡಿಯಲ್ಲಿ ಚಿತ್ರ ಮೂಡಿಸುವ ಫಲಕ. ಮೇಲಿನ ಗಾಜು ಕಿಟಕಿಯ ಗಾಜಿನಂಥದಲ್ಲ. ಅದನ್ನು ಸುಮಾರು ೪೦೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಅದ್ದುತ್ತಾರೆ. ಗಾಜಿನೊಳಗಿನ ಸಣ್ಣ ಸೋಡಿಯಂ ಅಯಾನುಗಳು ಹೊರಬಿದ್ದು, ಆ ಜಾಗಕ್ಕೆ ದೊಡ್ಡ ಪೊಟ್ಯಾಸಿಯಂ ಅಯಾನುಗಳು ನುಗ್ಗಿ ಕೂರುತ್ತವೆ. ಜಾಗ ಸಾಲದೆ ಮೇಲ್ಮೈ ಬಿಗಿಯುತ್ತದೆ. ಅದರಿಂದಲೇ ಗಾಜು ಗಟ್ಟಿಯಾಗುತ್ತದೆ. ಅಷ್ಟಾದರೂ ಗಾಜು ಗಾಜೇ. ಮೂಲೆಯ ಮೇಲೆ ಕಲ್ಲಿಗೆ ಬಿದ್ದರೆ ಸೀಳುತ್ತದೆ.

ಇಂದಿನ ಬಹುತೇಕ ಫೋನುಗಳಲ್ಲಿ ಈ ಮೂರನ್ನೂ ಪಾರದರ್ಶಕ ಅಂಟಿನಿಂದ ಒಂದೇ ಹಲಗೆಯಂತೆ ಬೆಸೆದಿರುತ್ತಾರೆ. ಮೇಲಿನ ಗಾಜೊಂದನ್ನೇ ಬಿಡಿಸಿ ಹೊಸದನ್ನು ಕೂರಿಸಲು ಕಾವಿನ ಹಾಸು, ಗಾಳಿಗುಳ್ಳೆ ತೆಗೆಯುವ ಯಂತ್ರ ಮುಂತಾದವು ಬೇಕು. ಆದುದರಿಂದ ಮನೆಯಲ್ಲಿ ಕೆಲಸ ಮಾಡುವವನು ಮೂರನ್ನೂ ಒಟ್ಟಿಗೇ ಬದಲಿಸಬೇಕಾಗುತ್ತದೆ. ಅಂಗಡಿಯವರು ಇದನ್ನು ‘ಕಾಂಬೊ’ ಎಂದೋ ‘ಫೋಲ್ಡರ್’ ಎಂದೋ ಕರೆಯುತ್ತಾರೆ. ಫೋನಿನ ಹೆಸರು ಹೇಳಿ ಇದನ್ನು ಕೊಳ್ಳಬೇಡಿ. ಮಾದರಿಯ ಸಂಖ್ಯೆ ಹೇಳಿ ಕೊಳ್ಳಿ. ಒಂದೇ ಹೆಸರಿನಲ್ಲಿ ಎರಡು ಮೂರು ಮಾದರಿಗಳು ಇರುವುದುಂಟು. ಓಲೆಡ್ ಫಲಕವಿದ್ದ ಫೋನಿಗೆ ಅಗ್ಗದ ಎಲ್‌ಸಿಡಿ ಫಲಕ ಹಾಕಿದರೆ ಚಿತ್ರವೇನೋ ಬರುತ್ತದೆ. ಆದರೆ ಗಾಜಿನಡಿಯ ಬೆರಳಚ್ಚು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಇದನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು.

ಈಗ ಕೆಲಸದ ಕ್ರಮ. ವಾರಂಟಿ ಮುಗಿಯದ ಫೋನನ್ನು ಬಿಚ್ಚಬೇಡಿ. ಅಂಚು ಬಾಗಿದ, ಮಡಚುವ ಫೋನುಗಳನ್ನು ಪಳಗಿದವರಿಗೆ ಬಿಡಿ. ಮೊದಲ ಸಲ ಮಾಡುವವರು, ಹಾಳಾದರೂ ಚಿಂತೆಯಿಲ್ಲದ ಹಳೆಯ ಫೋನಿನ ಮೇಲೆ ಕೈ ಪಳಗಿಸಿಕೊಳ್ಳಿ.

ಫೋನಿನಲ್ಲಿರುವ ಚಿತ್ರ, ವಿಳಾಸ, ಲೆಕ್ಕಪತ್ರಗಳನ್ನು ಮೊದಲು ಬೇರೆಡೆಗೆ ಇಳಿಸಿಕೊಳ್ಳಿ. ಚಿತ್ರ ಕಾಣುತ್ತಿದ್ದು ಸ್ಪರ್ಶ ಮಾತ್ರ ಕೆಟ್ಟಿದ್ದರೆ, ಅನೇಕ ಆಂಡ್ರಾಯ್ಡ್ ಫೋನುಗಳಿಗೆ ಓಟಿಜಿ ತಂತಿಯ ಮೂಲಕ ಕಂಪ್ಯೂಟರಿನ ಮೌಸನ್ನೇ ಸೇರಿಸಿ ನಡೆಸಬಹುದು. ಬ್ಯಾಟರಿಯ ಚಾರ್ಜು ಶೇಕಡ ೨೫ಕ್ಕಿಂತ ಕೆಳಗಿಳಿಯಲಿ. ಬಳಿಕ ಫೋನನ್ನು ಆರಿಸಿ, ಸಿಮ್ ತಟ್ಟೆಯನ್ನು ಹೊರತೆಗೆಯಿರಿ. ಒಡೆದ ಗಾಜಿನ ಮೇಲೆ ಅಗಲವಾದ ಅಂಟುಪಟ್ಟಿ ಹಚ್ಚಿದರೆ ಚೂರುಗಳು ಉದುರುವುದಿಲ್ಲ. ಕಣ್ಣಿಗೆ ಕನ್ನಡಕವಿರಲಿ.

ಫೋನು ತೆರೆಯುವುದರಲ್ಲಿ ಎರಡು ಬಗೆ. ಐಫೋನುಗಳಲ್ಲಿ ಮುಂದಿನ ಗಾಜೇ ಮೊದಲು ಏಳುತ್ತದೆ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಬೆನ್ನಿನ ಮುಚ್ಚಳ ತೆಗೆದು ಒಳಗಿನಿಂದ ಬರಬೇಕು. ಎರಡರಲ್ಲೂ ಅಂಟನ್ನು ಮೆತ್ತಗೆ ಮಾಡಲು ಕಾವು ಬೇಕು. ಕೂದಲು ಒಣಗಿಸುವ ಬಿಸಿಗಾಳಿಯ ಯಂತ್ರ ಸಾಕು. ಸಂದಿಗೆ ತೆಳುವಾದ ಪ್ಲಾಸ್ಟಿಕ್ ಚಕ್ಕೆ ತೂರಿಸಿ ನಿಧಾನವಾಗಿ ಸುತ್ತಲೂ ಎಳೆಯಬೇಕು. ಆಳಕ್ಕೆ ತೂರಿಸಿದರೆ ಒಳಗಿನ ಕಾಗದದಷ್ಟು ತೆಳ್ಳನೆಯ ಪಟ್ಟಿತಂತಿ ಹರಿಯುತ್ತದೆ. ಇಲ್ಲಿ ಬಲಕ್ಕಿಂತ ತಾಳ್ಮೆ ದೊಡ್ಡದು.

ಒಳಗೆ ಕಂಡೊಡನೆ ಮಾಡಬೇಕಾದ ಮೊದಲ ಕೆಲಸ, ಬ್ಯಾಟರಿಯ ಸಂಪರ್ಕ ಬಿಡಿಸುವುದು. ಅದಕ್ಕೆ ಲೋಹದ ಮೊನೆ ಬೇಡ, ಪ್ಲಾಸ್ಟಿಕ್ ಕಡ್ಡಿ ಬಳಸಿ. ಲಿಥಿಯಂ ಬ್ಯಾಟರಿಯನ್ನು ಚುಚ್ಚಿದರೆ, ಬಾಗಿಸಿದರೆ ಹೊತ್ತಿಕೊಳ್ಳಬಹುದು. ಉಬ್ಬಿದ ಬ್ಯಾಟರಿಯನ್ನು ಮುಟ್ಟಲೇಬೇಡಿ, ಪಳಗಿದವರಿಗೆ ಒಪ್ಪಿಸಿ. ಪಕ್ಕದಲ್ಲಿ ಒಂದು ಬಾಣಲೆ ಮರಳು ಇಟ್ಟುಕೊಳ್ಳುವುದು ಒಳ್ಳೆಯದು.

ಸ್ಕ್ರೂಗಳ ವಿಷಯದಲ್ಲಿ ಅಸಡ್ಡೆ ಕೂಡದು. ನೋಡಲು ಒಂದೇ ಬಗೆ, ಉದ್ದ ಮಾತ್ರ ಬೇರೆ. ಗಿಡ್ಡ ಸ್ಕ್ರೂವಿನ ರಂಧ್ರಕ್ಕೆ ಉದ್ದದ್ದನ್ನು ತಿರುಗಿಸಿದರೆ ಅದು ಒಳಗಿನ ಬೋರ್ಡನ್ನೇ ಕೊರೆಯುತ್ತದೆ. ಕಾಗದದ ಮೇಲೆ ಫೋನಿನ ಚಿತ್ರ ಬರೆದು, ತೆಗೆದ ಒಂದೊಂದು ಸ್ಕ್ರೂವನ್ನೂ ಅದರದರ ಜಾಗದಲ್ಲಿಯೇ ಅಂಟಿಸುತ್ತ ಹೋಗಿ. ಹೊಸ ಹಲಗೆಯನ್ನು ಅಂಟಿಸುವ ಮೊದಲೇ ಸಂಪರ್ಕ ಕೊಟ್ಟು ಪರೀಕ್ಷಿಸಿ. ಮೂಲೆಯಿಂದ ಮೂಲೆಗೆ ಬೆರಳೆಳೆದು, ಎಲ್ಲ ಕಡೆಯೂ ಸ್ಪರ್ಶ ಹಿಡಿಯುತ್ತಿದೆ ಎಂದು ಖಚಿತವಾದ ಮೇಲೆ ಮತ್ತೆ ಆರಿಸಿ. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸ ಅಂಟು ಹಚ್ಚಿ, ರಬ್ಬರು ಪಟ್ಟಿ ಸುತ್ತಿ ಕೆಲವು ಗಂಟೆ ಬಿಡಿ. ಅಂಟಿನ ಬಾಳಿಕೆ ಕಾರ್ಖಾನೆಯದರಷ್ಟು ಇರದು. ಆದಕಾರಣ ಮುಂದೆ ಆ ಫೋನನ್ನು ನೀರಿನಿಂದ ದೂರವಿಡಬೇಕು.

ಮೊದಲನೆಯ ಬಗೆಯ ಕಷ್ಟ ಇಷ್ಟೆ. ಗಡಿಯಾರ ಬಿಚ್ಚುವವರು, ರೇಡಿಯೊ ಬೆಸೆಯುವವರು, ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವವರು ನಮ್ಮ ಊರುಗಳಲ್ಲಿ ಕೈಯಿಂದ ಕೈಗೆ ವಿದ್ಯೆ ಕಲಿತವರೇ. ಬೆಂಗಳೂರಿನ ಎಸ್.ಪಿ. ರಸ್ತೆ, ದೆಹಲಿಯ ನೆಹರೂ ಪ್ಲೇಸ್ ಕೂಡ ಈ ವಿದ್ಯೆಯನ್ನು ಬಳಸಿಯೇ ಬೆಳೆದ ಪೇಟೆಗಳು. ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ಇಬ್ಬರು ವಿದ್ಯಾರ್ಥಿಗಳು ೨೦೦೩ರಲ್ಲಿ ಪ್ರಾರಂಭಿಸಿದ ಐಫಿಕ್ಸಿಟ್ ಸಂಸ್ಥೆ ಸಾವಿರಾರು ಯಂತ್ರಗಳ ರಿಪೇರಿ ಕ್ರಮವನ್ನು ಚಿತ್ರಸಹಿತ ಬರೆದು ಪುಕ್ಕಟೆಯಾಗಿ ಎಲ್ಲರ ಮುಂದಿಟ್ಟಿದೆ. ವಿದ್ಯೆಯನ್ನು ಹಂಚಿಕೊಂಡರೆ ಈ ಕಷ್ಟ ಕರಗುತ್ತದೆ.

ಇನ್ನು ಎರಡನೆಯ ಬಗೆಗೆ ಬರೋಣ. ಐಫೋನ್ ೪ ಮೊದಲು ಮಾರಾಟಕ್ಕೆ ಬಂದಾಗ ಅದರ ತಳದಲ್ಲಿದ್ದುದು ಸಾಮಾನ್ಯ ಸ್ಕ್ರೂ. ೨೦೧೧ರ ಹೊತ್ತಿಗೆ ಆ ಜಾಗಕ್ಕೆ ಐದು ಎಸಳಿನ ತಲೆಯುಳ್ಳ ವಿಚಿತ್ರ ಸ್ಕ್ರೂ ಬಂತು. ಫೋನು ಅದೇ, ರಂಧ್ರ ಅದೇ. ಸಾಮಾನ್ಯ ಸ್ಕ್ರೂ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತಲೇ ಇತ್ತು. ಅಂದಮೇಲೆ ಬದಲಾವಣೆ ಏತಕ್ಕೆ? ಕೊಂಡವನ ಮನೆಯ ಸ್ಕ್ರೂಡ್ರೈವರು ಅಲ್ಲಿ ಹಿಡಿಯಬಾರದು ಎಂಬುದಲ್ಲದೆ ಬೇರೆ ಕಾರಣ ಕಾಣುವುದಿಲ್ಲ.

ಸ್ಕ್ರೂವಿಗಾದರೆ ಬೇರೊಂದು ಡ್ರೈವರು ಮಾಡಿಕೊಳ್ಳಬಹುದು, ಮಾಡಿಕೊಂಡರು ಕೂಡ. ಆಗ ಬಂದದ್ದು ಕಣ್ಣಿಗೆ ಕಾಣದ ಬೀಗ. ಬಿಡಿಭಾಗಕ್ಕೂ ಫೋನಿನ ಬೋರ್ಡಿಗೂ ತಂತ್ರಾಂಶದ ಮೂಲಕ ಗಂಟು ಹಾಕುವುದೇ ಆ ಬೀಗ. ೨೦೨೧ರಲ್ಲಿ ಬಂದ ಐಫೋನ್ ೧೩ರ ಗಾಜನ್ನು ಹೊರಗಿನವರು ಬದಲಿಸಿದರೆ ಮುಖ ನೋಡಿ ಬೀಗ ತೆರೆಯುವ ಸೌಲಭ್ಯ ನಿಂತುಹೋಗುತ್ತಿತ್ತು. ಅದೇ ಕಂಪನಿಯ ಅಸಲಿ ಗಾಜನ್ನು ಇನ್ನೊಂದು ಹೊಸ ಫೋನಿನಿಂದ ತೆಗೆದು ಹಾಕಿದರೂ ಇದೇ ಪಾಡು. ಜನ ಗದ್ದಲವೆಬ್ಬಿಸಿದರು. ವರ್ಷ ಮುಗಿಯುವುದರೊಳಗೆ ಕಂಪನಿ ತಂತ್ರಾಂಶವನ್ನು ತಿದ್ದಿತು, ಸೌಲಭ್ಯ ಮರಳಿತು. ಒಂದು ಸ್ಕ್ರೂವನ್ನೂ ಮುಟ್ಟದೆ ಮರಳಿತು ಎಂಬುದನ್ನು ಗಮನಿಸಿ. ಅಡ್ಡಿ ಗಾಜಿನಲ್ಲಿರಲಿಲ್ಲ, ಕಂಪನಿಯ ಅಪ್ಪಣೆಯಲ್ಲಿತ್ತು.

ಇದಕ್ಕೂ ಹಿಂದೆ, ಹೊರಗೆ ರಿಪೇರಿಯಾಗಿದ್ದ ಕೆಲವು ಐಫೋನುಗಳು ‘ಎರರ್ ೫೩’ ಎಂಬ ಸಂದೇಶ ತೋರಿಸಿ ಪೂರ್ತಿ ಸತ್ತುಹೋಗುತ್ತಿದ್ದವು. ಹೊರಗಿನವರಿಂದ ರಿಪೇರಿ ಮಾಡಿಸಿದವರಿಗೆ ಪರಿಹಾರದ ಹಕ್ಕಿಲ್ಲ ಎಂದು ಕಂಪನಿ ಹೇಳಿತು. ಆಸ್ಟ್ರೇಲಿಯದ ನ್ಯಾಯಾಲಯ ೨೦೧೮ರಲ್ಲಿ ಈ ಮಾತನ್ನು ಒಪ್ಪದೆ ೯೦ ಲಕ್ಷ ಆಸ್ಟ್ರೇಲಿಯನ್ ಡಾಲರು ದಂಡ ವಿಧಿಸಿತು.

ಕಂಪನಿಗಳು ಹೇಳುವುದರಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಬ್ಯಾಟರಿ ಅಪಾಯದ ವಸ್ತು, ನಿಜ. ಕದ್ದ ಫೋನಿನ ಬಿಡಿಭಾಗಗಳು ಪೇಟೆಗೆ ಬರುತ್ತವೆ, ಅದೂ ನಿಜ. ಆದರೆ ಅಪಾಯಕ್ಕೆ ಮದ್ದು ತಿಳಿವಳಿಕೆ ಕೊಡುವುದು, ಕೈಪಿಡಿ ಬರೆಯುವುದು, ಒಳ್ಳೆಯ ಬಿಡಿಭಾಗವನ್ನು ನ್ಯಾಯವಾದ ಬೆಲೆಗೆ ಮಾರುವುದು. ಬೀಗ ಜಡಿದರೆ ಜನ ಕಳಪೆ ಗಾಜನ್ನೂ ಕಳಪೆ ಬ್ಯಾಟರಿಯನ್ನೂ ಹುಡುಕಿಕೊಂಡು ಹೋಗುತ್ತಾರೆ. ಅಪಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈ ಬೀಗ ಮನೆಯಲ್ಲಿ ಕುಳಿತು ಬಿಚ್ಚುವವನಿಗೆ ಮಾತ್ರ ಅಡ್ಡಿಯಲ್ಲ. ಬಸ್ ನಿಲ್ದಾಣದ ಪಕ್ಕದಲ್ಲಿ ಅರೆಗೋಡೆಯ ಅಂಗಡಿ ಇಟ್ಟುಕೊಂಡ ರಿಪೇರಿಯವನ ಅನ್ನಕ್ಕೂ ಅಡ್ಡಿ. ನಾವೇ ಮಾಡಿಕೊಳ್ಳೋಣ ಎಂದರೆ ಅವನ ಹೊಟ್ಟೆಯ ಮೇಲೆ ಹೊಡೆದಂತೆ ಎಂದು ಭಾವಿಸಬೇಡಿ. ಬಿಡಿಭಾಗ ಎಲ್ಲರಿಗೂ ಸಿಗಲಿ ಎಂದು ಕೇಳುವಾಗ ನಾವು ಅವನ ಪಕ್ಕದಲ್ಲಿಯೇ ನಿಂತಿರುತ್ತೇವೆ. ಕೈಲಾದವನು ಮಾಡಿಕೊಳ್ಳಲಿ, ಆಗದವನು ಅವನ ಬಳಿಗೆ ಹೋಗಲಿ. ಆಯ್ಕೆ ಕೊಂಡವನದಾಗಬೇಕು.

ಇದು ಆಗದ ಮಾತೇನಲ್ಲ. ಅಮೆರಿಕೆಯ ನ್ಯೂಯಾರ್ಕ್, ಮಿನ್ನೆಸೋಟ, ಕ್ಯಾಲಿಫೋರ್ನಿಯ ರಾಜ್ಯಗಳು ೨೦೨೨–೨೩ರಲ್ಲಿ ರಿಪೇರಿ ಹಕ್ಕಿನ ಕಾನೂನು ಮಾಡಿದವು. ಆರೆಗನ್ ರಾಜ್ಯ ೨೦೨೪ರಲ್ಲಿ ಬಿಡಿಭಾಗಕ್ಕೆ ಗಂಟು ಹಾಕುವ ಪದ್ಧತಿಯನ್ನೇ ನಿಷೇಧಿಸಿತು. ಐರೋಪ್ಯ ಒಕ್ಕೂಟದ ನಿಯಮ ೨೦೨೫ರ ಜೂನ್ ೨೦ರಿಂದ ಜಾರಿಗೆ ಬಂದಿದೆ. ಅದರಂತೆ ಒಂದು ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಅದರ ಬಿಡಿಭಾಗಗಳು ಸಿಗಬೇಕು; ಗಾಜಿನ ಹಲಗೆ ಅಂಗಡಿಯವನಿಗಷ್ಟೇ ಅಲ್ಲದೆ ಬಳಸುವವನಿಗೂ ಸಿಗಬೇಕು.

ನಮ್ಮಲ್ಲಿ ಏನಾಗಿದೆ? ಕಾರುಗಳ ಬಿಡಿಭಾಗಗಳನ್ನು ಹೊರಗಿನ ಪೇಟೆಗೆ ಬಿಡಲಿಲ್ಲವೆಂದು ೨೦೧೪ರಲ್ಲಿ ಭಾರತದ ಸ್ಪರ್ಧಾ ಆಯೋಗ ೧೪ ಕಾರು ಕಂಪನಿಗಳಿಗೆ ೨,೫೪೪ ಕೋಟಿ ರೂಪಾಯಿ ದಂಡ ಹಾಕಿತು. ಆ ದಂಡದ ಪ್ರಶ್ನೆ ಮೇಲಿನ ನ್ಯಾಯಾಲಯಗಳಿಗೆ ಹೋಯಿತು. ೨೦೨೨ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ಅದೇ ವರ್ಷದ ಡಿಸೆಂಬರ್ ೨೪ರಂದು ಒಂದು ಜಾಲತಾಣ ತೆರೆಯಿತು. ಕೃಷಿ ಯಂತ್ರಗಳು, ಮೊಬೈಲುಗಳು, ಗೃಹೋಪಯೋಗಿ ವಸ್ತುಗಳು, ವಾಹನಗಳು ಅದರ ವ್ಯಾಪ್ತಿಗೆ ಬಂದವು. ಯಾವ ವಸ್ತುವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂದು ಅಂಕ ಕೊಡುವ ಪದ್ಧತಿಗಾಗಿ ನೇಮಿಸಿದ ಇನ್ನೊಂದು ಸಮಿತಿ ೨೦೨೫ರ ಮೇ ತಿಂಗಳಲ್ಲಿ ವರದಿ ಒಪ್ಪಿಸಿತು. ಫ್ರಾನ್ಸಿನಲ್ಲಿ ಇಂಥ ಅಂಕಪಟ್ಟಿ ೨೦೨೧ರ ಜನವರಿಯಲ್ಲೇ ಬಂದಿತ್ತು. ಜಾಲತಾಣ ತಿಳಿವಳಿಕೆ ಕೊಡಬಲ್ಲದು, ಗಾಜು ಕೊಡಿಸಲಾರದು. ಅದಕ್ಕೆ ಕಾನೂನಿನ ಬಲ ಬೇಕು.

ಇದರಲ್ಲಿ ಇಡೀ ಲೋಕದ ಹಿತವೂ ಅಡಗಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ೨೦೨೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ೨೦೨೨ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ ೬.೨ ಕೋಟಿ ಟನ್ನು. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ತಂದದ್ದು ಶೇಕಡ ೨೨.೩ ಮಾತ್ರ. ಒಂದು ಗಾಜು ಬದಲಿಸಿ ಫೋನನ್ನು ಮೂರು ವರ್ಷ ಹೆಚ್ಚು ಬಾಳಿಸಿದವನು ಆ ರಾಶಿಗೆ ತನ್ನ ಪಾಲು ಸೇರಿಸದೆ ಉಳಿದಂತೆ.

ಆದುದರಿಂದ, ಗೆಳೆಯರೆ, ನಾವು ಎರಡು ಕೆಲಸ ಮಾಡಬೇಕಾಗಿದೆ. ಕಲಿಯಬೇಕು, ಕಲಿತದ್ದನ್ನು ನಾಲ್ವರಿಗೆ ಕಲಿಸಬೇಕು. ತಿಂಗಳಿಗೊಂದು ಭಾನುವಾರ ಇದೇ ಮೇಜಿನ ಸುತ್ತ ಕುಳಿತು ಕೆಟ್ಟ ಫೋನುಗಳನ್ನು ಬಿಚ್ಚಿ ನೋಡಲು ದೊಡ್ಡ ಬಂಡವಾಳ ಬೇಕಿಲ್ಲ. ಜೊತೆಗೆ ಕೇಳಬೇಕು: ಬಿಡಿಭಾಗ, ಕೈಪಿಡಿ, ಉಪಕರಣಗಳು ನ್ಯಾಯವಾದ ಬೆಲೆಗೆ ಎಲ್ಲರಿಗೂ ಸಿಗಬೇಕು, ಬಿಡಿಭಾಗಕ್ಕೆ ಗಂಟು ಹಾಕುವುದು ನಿಲ್ಲಬೇಕು ಎಂದು. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಬಿಚ್ಚಲು ಮಾರಿದವನ ಅಪ್ಪಣೆ ಬೇಕೆಂದಾದರೆ ಅದು ಕೊಂಡಂತಲ್ಲ, ಬಾಡಿಗೆಗೆ ತಂದಂತೆ. ಬಾಡಿಗೆಯ ವಸ್ತುವಿಗೆ ಪೂರ್ತಿ ಬೆಲೆ ತೆರುತ್ತಿದ್ದೇವೆ ಎಂಬುದು ನಮ್ಮ ಜನಕ್ಕೆ ಮೊದಲು ತಿಳಿಯಬೇಕು.