ಅರಳು ಮರಳು ಎಂದು ಕೈಬಿಡಬೇಡಿ



ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮ ಜನರ ನಾಲಗೆಯ ಮೇಲಿದೆ. ಗಾದೆಗಳಲ್ಲಿ ಅನುಭವದ ಸಾರವಿರುತ್ತದೆ, ನಿಜ. ಆದರೆ ಈ ಗಾದೆ ನಮ್ಮ ಹಿರಿಯರಿಗೆ ಅನ್ಯಾಯ ಮಾಡಿದೆ. ರೋಗವನ್ನು ಅದು ವಯಸ್ಸೆಂದು ಕರೆಯುತ್ತದೆ. ಔಷಧದ ದಾರಿ ಅಲ್ಲಿಗೇ ಮುಚ್ಚುತ್ತದೆ. 2010ರಲ್ಲಿ 96ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಪಂಡಿತ ಪುಟ್ಟರಾಜ ಗವಾಯಿಗಳನ್ನು ಗದಗಿನ ಜನ ಕಂಡಿದ್ದೀರಿ. ಅವರನ್ನು ಯಾರಾದರೂ ಅರಳು ಮರಳು ಎಂದರೇ?

ವಯಸ್ಸಾದಂತೆ ನೆನಪು ನಿಧಾನವಾಗುವುದು ಸಹಜ. ಕನ್ನಡಕ ಹುಡುಕುವುದು, ನೆಂಟರ ಹೆಸರು ತಡವಾಗಿ ಹೊಳೆಯುವುದು ರೋಗವಲ್ಲ. ಆದರೆ ನೆನಪಲ್ಲದೆ ಬುದ್ಧಿಗೆ ಇನ್ನೊಂದು ಶಕ್ತಿಯಿದೆ. ಮೊದಲು ಯಾವುದು, ಆಮೇಲೆ ಯಾವುದು ಎಂದು ಹೊಂದಿಸುವುದು, ತೂಗಿ ನೋಡುವುದು, ತಪ್ಪನ್ನು ತಿದ್ದಿಕೊಳ್ಳುವುದು, ಬೇಡದ್ದನ್ನು ತಡೆಯುವುದು ಅದರ ಕೆಲಸ. ಅದು ಮನೆಯ ಯಜಮಾನನಿದ್ದಂತೆ. ಬೆಟಗೇರಿಯ ಹಿರಿಯ ನೇಕಾರ ಎಳೆಗಳ ಲೆಕ್ಕ ತಪ್ಪತೊಡಗಿದರೆ, ಮುಂಡರಗಿಯ ರೈತ ಬೀಜ ಗೊಬ್ಬರದ ಹಣ ಹೊಂದಿಸಲಾರದೆ ಕುಳಿತರೆ, ಲಕ್ಷ್ಮೇಶ್ವರದ ತಾಯಿ ಹೋಳಿಗೆ ಮಾಡುವ ಕ್ರಮದಲ್ಲೇ ತಡವರಿಸಿದರೆ, ಶಿರಹಟ್ಟಿಯ ಅಜ್ಜ ದಿನವೂ ನಡೆದ ಓಣಿಯಲ್ಲಿ ದಾರಿ ತಪ್ಪಿದರೆ, ನಗಬೇಡಿ, ವೈದ್ಯರಿಗೆ ತೋರಿಸಿರಿ.

ಇಲ್ಲಿ ನಾವು ಮೋಸ ಹೋಗುವ ಒಂದು ಸಂಗತಿಯಿದೆ. 50 ವರ್ಷ ಮಾಡಿದ ಇಷ್ಟಲಿಂಗ ಪೂಜೆ ಕೈಗಳಿಗೇ ಗೊತ್ತಿರುತ್ತದೆ. ರೂಢಿಯ ಕೆಲಸ ಬಹುಕಾಲ ಉಳಿಯುತ್ತದೆ. ಹೊಸ ನಿರ್ಧಾರದ ಶಕ್ತಿ ಮೊದಲು ಕುಂದಬಹುದು. ‘ಅಜ್ಜ ಪೂಜಿ ಸರಿಯಾಗಿ ಮಾಡ್ತಾನಲ್ಲ, ಅವನಿಗೇನಾಗೇತಿ’ ಎಂದು ಮಕ್ಕಳು ಸುಮ್ಮನಿರುತ್ತಾರೆ. ಅದೇ ಅಜ್ಜ ಯಾರೋ ಚಾಚಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಮೇಲೆ ಅವರಿಗೆ ಎಚ್ಚರವಾಗುತ್ತದೆ.

ಎಲ್ಲ ಮರೆವೂ ಗುಣವಾಗದ ಮರೆವಲ್ಲ. ಥೈರಾಯ್ಡ್ ದೋಷ, ಮನಸ್ಸಿನ ಖಿನ್ನತೆ, ಕೆಲವು ಗುಳಿಗೆಗಳು, ಬಿ-12 ಜೀವಸತ್ವದ ಕೊರತೆ ಇವುಗಳಿಂದಲೂ ಮರೆವು ಬರುತ್ತದೆ. ಬಿ-12 ಕಾಳು, ಕಾಯಿಪಲ್ಲೆಗಳಲ್ಲಿ ದೊರೆಯದು; ಹಾಲು, ಮೊಸರಿನಲ್ಲಿದೆ. ವೃದ್ಧರ ಹೊಟ್ಟೆ ಅದನ್ನು ಸರಿಯಾಗಿ ಹೀರಿಕೊಳ್ಳದಿರಬಹುದು. ಆದ್ದರಿಂದ ಶಾಕಾಹಾರಿಗಳಾದ ನಾವು ಈ ರಕ್ತಪರೀಕ್ಷೆಯನ್ನು ಮರೆಯಬಾರದು. ಗದಗಿನಲ್ಲಿ ಜಿಮ್ಸ್ ಆಸ್ಪತ್ರೆ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2024ರಲ್ಲಿ ಲ್ಯಾನ್ಸೆಟ್ ಆಯೋಗದ ತಜ್ಞರು 14 ಕಾರಣಗಳನ್ನು ಎಣಿಸಿ, ಅವುಗಳನ್ನು ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದು ಎಂದರು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ, ಕಿವುಡು, ಒಂಟಿತನ ಅವುಗಳಲ್ಲಿ ಸೇರಿವೆ. ಕಿವಿ ಕೇಳದ ಹಿರಿಯರಿಗೆ ಯಂತ್ರ ಕೊಡಿಸುವುದೂ ಬುದ್ಧಿಯ ರಕ್ಷಣೆಯೇ.

ಗುಣವಾಗದ ರೋಗವೇ ಆದರೆ ಏನು ಮಾಡಬೇಕು? ಒಂದು ಸಲಕ್ಕೆ ಒಂದೇ ಕೆಲಸ ಹೇಳಿರಿ. ವಸ್ತುಗಳ ಜಾಗ ಬದಲಿಸಬೇಡಿರಿ. ಮೊಮ್ಮಕ್ಕಳ ಮುಂದೆ ಹಂಗಿಸಬೇಡಿರಿ. ಈ ಸೇವೆಯ ಭಾರವೆಲ್ಲ ಮನೆಯ ಸೊಸೆಯೊಬ್ಬಳ ಮೇಲೆ ಬೀಳುವುದನ್ನು ನಾವು ಕಾಣುತ್ತೇವೆ. ಗಂಡುಮಕ್ಕಳು ಕಟ್ಟೆಯ ಮೇಲೆ ಕುಳಿತು ‘ನಮ್ಮವ್ವನ ಸೇವಾ ನಡದೈತಿ’ ಎನ್ನುತ್ತಾರೆ. ಒಬ್ಬಳನ್ನು ದಣಿಸಿ ಉಳಿದವರು ಪುಣ್ಯ ಪಡೆಯುವುದು ದಾಸೋಹವಲ್ಲ. ಸರದಿಯಂತೆ ಎಲ್ಲರೂ ಹೆಗಲು ಕೊಡಬೇಕು. ಅವರು ನಮ್ಮನ್ನು ಮರೆತರೂ ಅವರು ಯಾರೆಂಬುದನ್ನು ನಾವು ಮರೆಯಬಾರದು.