ಯಾರ ಮೀಡಿಯಂ?

ಇವತ್ತು ರಾಜಕೀಯ ಬೇಡ, ಊಟದ ಮಾತಾಡೋಣ.

ಅಮ್ಮನ ಜೊತೆ ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟಿದ್ದೆ. ಮಹಾಗಾಂವ ಕ್ರಾಸ್ ಹತ್ತಿರ ಒಂದು ಧಾಬಾದಲ್ಲಿ ಕೂತ್ವಿ. ದಾಲ್ ತಡ್ಕಾ ಹೇಳಿದೆ.

"ಖಾರ ಎಷ್ಟ್ ಹಾಕ್ಲಿ ರೀ?"

"ಮೀಡಿಯಂ."

"ಯಾರ ಮೀಡಿಯಂ ರೀ ಸರ್, ನಿಮ್ದೋ ನಮ್ದೋ?"

ನಕ್ಕು, "ನಿಮ್ದೇ ಇರ್ಲಿ" ಅಂದೆ. ಅಮ್ಮ ಎರಡು ತುತ್ತು ತಿಂದ್ರು, ಮೂರು ಲೋಟ ನೀರು ಕುಡಿದ್ರು. "ಹಸಿವಿಲ್ಲ ಬಿಡಪ್ಪಾ" ಅಂದ್ರು. ಹಸಿವಿತ್ತು.

ನಾನು ಎಂಜಿನಿಯರಿಂಗ್ ಓದಿದವನು. ಯೂನಿಟ್ ಬರೆಯದ ಉತ್ತರಕ್ಕೆ ಅಲ್ಲಿ ಮಾರ್ಕ್ಸ್ ಕಟ್. ಖಾರಕ್ಕೂ ಅಳತೆ ಇದೆ. 1912ರಲ್ಲೇ ಅಮೆರಿಕದ ವಿಲ್ಬರ್ ಸ್ಕೋವಿಲ್ ಕೊಟ್ಟಿದ್ದು. ಆದರೆ ಮೆನು ಕಾರ್ಡಿನಲ್ಲಿ ಅದು ಇರಲ್ಲ. ಬಣ್ಣ ನಂಬೋಣವೇ? ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪು, ಖಾರ ಕಮ್ಮಿ. ಗುಂಟೂರಿನದು ಹಾಗಲ್ಲ. ಇನ್ನು ನೀರು ಕುಡಿದ್ರೂ ಉರಿ ಇಳಿಯಲ್ಲ. ಖಾರದ ಕ್ಯಾಪ್ಸೈಸಿನ್ ನೀರಲ್ಲಿ ಸರಿಯಾಗಿ ಕರಗೋದಿಲ್ಲ. ಹಾಲು, ಮೊಸರೇ ಬೇಕು.

ಪರಿಹಾರ ನಮ್ಮ ಖಾನಾವಳಿ ತಟ್ಟೆಯಲ್ಲೇ ಇದೆ. ರೊಟ್ಟಿ ಪಕ್ಕ ಶೇಂಗಾ ಹಿಂಡಿ, ಕೆಂಪು ಖಾರ, ಹಸಿಮೆಣಸಿನಕಾಯಿ, ಮೊಸರು, ಎಲ್ಲ ಬೇರೆ ಬೇರೆ. ಎಷ್ಟು ಬೇಕೋ ಉಣ್ಣುವವರೇ ಹಚ್ಚಿಕೊಳ್ತಾರೆ. ಹಾಗಾಗಿ "ಮೀಡಿಯಂ" ಅನ್ನಬೇಡಿ. "ಅಡುಗೆಗೆ ಖಾರ ಕಮ್ಮಿ ಹಾಕಿ, ಬೇಕಾದ್ರೆ ಪಕ್ಕಕ್ಕೆ ಕೊಡಿ" ಅನ್ನಿ. ಕಮ್ಮಿಯಾದ್ರೆ ಸೇರಿಸಬಹುದು, ಬಿದ್ದ ಖಾರ ತೆಗೆಯೋಕಾಗಲ್ಲ.

ಆ ಧಾಬಾದ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆಯೇ. ಉತ್ತರ ಹೇಳಬೇಕಾಗಿದ್ದದ್ದು ಅಮ್ಮ. ಹೇಳಿದ್ದು ನಾನು.