ಮಳೆಗೆ ಸಿಕ್ಕಿಬಿದ್ದಾಗ ಒಲೆ ಮುಂದೆ ಯಾರು?

(ಹಿರೇಹಳ್ಳಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಮಾಡಿದ ಭಾಷಣದ ಬರಹ ರೂಪ)



2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಹೆಣ್ಣುಮಕ್ಕಳು ಬಸ್ ಹತ್ತಿ ಊರೂರು ನೋಡಿ ಬರುತ್ತಿದ್ದಾರೆ. ಧರ್ಮಸ್ಥಳ, ಹೊರನಾಡು, ಹಂಪಿ ಅಂತ ಸಂಘದವರೇ ಜೊತೆಯಾಗಿ ಹೊರಡುತ್ತಾರೆ. ಬಹಳ ಸಂತೋಷ. ಆದರೆ ಸಾಲು ರಜೆ ಎಷ್ಟೋ ಸಲ ಆಗಸ್ಟ್‌ನಲ್ಲೇ ಬರುತ್ತದೆ, ಮಳೆಯೂ ಆಗಲೇ. ಹೋದ ಕಡೆ ದಾರಿ ಬಂದಾಗಿ, ಗುರುತು ಪರಿಚಯ ಇಲ್ಲದವರ ಜೊತೆ ಒಂದೇ ಸೂರಿನಡಿ ಎರಡು ಮೂರು ದಿನ ಕಳೆಯಬೇಕಾದರೆ ಏನು ಮಾಡೋದು? ಇವತ್ತು ಅಷ್ಟನ್ನೇ ಮಾತಾಡೋಣ.

ಇದು ನಡೆದ ವಿಷಯ. 2019ರ ಆಗಸ್ಟ್ 10 ಎರಡನೇ ಶನಿವಾರ, 11 ಭಾನುವಾರ, 12 ಬಕ್ರೀದ್. ಮೂರು ದಿನ ರಜೆ. ಹಂಪಿಗೆ ಎದುರು, ತುಂಗಭದ್ರೆಯ ಆಚೆ ದಡಕ್ಕೆ ವಿರೂಪಾಪುರ ಗಡ್ಡೆ ಅಂತ ಇದೆ. ಅದು ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿಗೆ ಸೇರಿದ್ದು. ಆಗ ಅಲ್ಲಿ ಗುಡಿಸಲಿನಂಥ ಕಾಟೇಜುಗಳ ರೆಸಾರ್ಟ್‌ಗಳು ತುಂಬಿದ್ದವು. ಅಣೆಕಟ್ಟೆಯಿಂದ 2 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಗಡ್ಡೆಯ ಸುತ್ತ ನೀರು ಆವರಿಸಿ, ವಿದೇಶಿಯರೂ ಸೇರಿ ನೂರಾರು ಪ್ರವಾಸಿಗರು ಸಿಕ್ಕಿಕೊಂಡರು. ದೋಣಿ, ಹೆಲಿಕಾಪ್ಟರ್ ತಂದು ಅವರನ್ನು ಹೊರತರಬೇಕಾಯಿತು. ಕಾಪಾಡಲು ಹೋದವರದೇ ಒಂದು ದೋಣಿ ಮಗುಚಿ, ಆ ಸಿಬ್ಬಂದಿಯನ್ನೂ ಕಾಪಾಡುವ ಹಾಗಾಯಿತು. ನಾವು ಹಟಕ್ಕೆ ಉಳಿದುಕೊಂಡರೆ ಇನ್ನೊಬ್ಬ ತಾಯಿಯ ಮಗ ಪ್ರಾಣ ಒತ್ತೆ ಇಟ್ಟು ಬರಬೇಕಾಗುತ್ತದೆ ನೋಡಿ. (ಆ ರೆಸಾರ್ಟ್‌ಗಳು ಈಗಿಲ್ಲ. ಅಕ್ರಮ ಅಂತ ಸುಪ್ರೀಂ ಕೋರ್ಟ್‌ವರೆಗೂ ತೀರ್ಮಾನವಾಗಿ, 2020ರ ಮಾರ್ಚ್‌ನಲ್ಲಿ ಕೆಡವಿದರು.)

ನಮ್ಮ ಕಡೆಯವರಿಗೆ ಇಂಥ ಅಪಾಯ ಬೇಗ ಹೊಳೆಯುವುದಿಲ್ಲ. ನಮ್ಮ ದೇವರಾಯನದುರ್ಗದಲ್ಲಿ ಶಿಂಷಾ, ಜಯಮಂಗಲಿ ಹುಟ್ಟುತ್ತವೆ. ಹುಟ್ಟುವ ನದಿ ಕಂಡವರು ನಾವು, ಮೈದುಂಬಿ ಬರುವ ನದಿ ಕಂಡವರಲ್ಲ. ಕೆರೆ ಕೋಡಿ ಬಿದ್ದರೆ ಮಕ್ಕಳನ್ನು ಎತ್ತಿಕೊಂಡು ನೋಡಲು ಹೋಗುತ್ತೇವೆ! ಹಂಪಿಯಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಶಿವಮೊಗ್ಗ, ಚಿಕ್ಕಮಗಳೂರು ಕಡೆ ಸುರಿದ ಮಳೆ ತುಂಗಭದ್ರೆಯಲ್ಲಿ ಇಳಿದು ಬರುತ್ತದೆ. ಆದ್ದರಿಂದ ತಲೆ ಮೇಲಿನ ಮೋಡ ನೋಡಿದರೆ ಸಾಲದು, ಮೇಲಿನ ಜಿಲ್ಲೆಗಳ ಸುದ್ದಿಯನ್ನೂ ಕೇಳಬೇಕು. ನೀರು ಬಿಡುತ್ತಾರೆ ಅಂತ ಡಂಗುರವೋ ಮೈಕೋ ಕೇಳಿಸಿದರೆ, ಕೊಟ್ಟ ಬಾಡಿಗೆ ಹೋದರೆ ಹೋಗಲಿ, ಎದ್ದು ಬರಬೇಕು.

ಇನ್ನು ಸಿಕ್ಕಿಕೊಂಡೇಬಿಟ್ಟರೆ? ಮಲೆನಾಡಿನ ಒಂದು ಹೋಂಸ್ಟೇ ಅಂದುಕೊಳ್ಳಿ. ನಾಲ್ಕು ಸಂಸಾರ, ಬೆಂಗಳೂರಿನ ನಾಲ್ಕು ಹುಡುಗರು, ಹೊಸದಾಗಿ ಮದುವೆಯಾದ ಒಂದು ಜೋಡಿ. ಮರ ಬಿದ್ದು ರಸ್ತೆ ಬಂದ್, ಕರೆಂಟ್ ಇಲ್ಲ, ಅಡುಗೆಯವರು ಬರಲಿಲ್ಲ. ಗಂಡಸರು ಜಗಲಿಯಲ್ಲಿ ಇಸ್ಪೀಟು ಹಾಕಿ ಕೂರುತ್ತಾರೆ. ಹೆಂಗಸರು ಯಾರೂ ಹೇಳದಿದ್ದರೂ ಅಡುಗೆಮನೆಗೆ ಹೋಗುತ್ತಾರೆ. ಹೌದೋ ಅಲ್ವೋ? ಮೊದಲ ದಿನ ಅಕ್ಕ ತಂಗಿ ಅಂತ ನಗುನಗುತ್ತಾ ಒಗ್ಗರಣೆ. ಎರಡನೇ ದಿನ ಮಾತು ಕಡಿಮೆ. ಮೂರನೇ ದಿನ, "ನನ್ನ ಮಗೂಗೆ ಹಾಲು ಉಳಿಸಲಿಲ್ಲ" ಅಂತ ಜಗಳ. ಆಮೇಲೆ ಜಗಲಿಯವರು ಹೇಳುತ್ತಾರೆ, "ಹೆಂಗಸರು ಸೇರಿದ ಕಡೆ ಇದ್ದದ್ದೇ" ಅಂತ!

ಆ ಜಗಳ ಯಾರ ಕೆಟ್ಟ ಗುಣದಿಂದಲೂ ಬಂದದ್ದಲ್ಲ ಕಣ್ರಮ್ಮ. ಲೆಕ್ಕ ಇಡದೆ ಬಂದದ್ದು. ಲೆಕ್ಕ ಇಡುವುದು ನಿಮಗೆ ಯಾರೂ ಕಲಿಸಬೇಕಿಲ್ಲ, ವಾರ ವಾರ ಉಳಿತಾಯ ಬರೆದವರು ನೀವು. ಹಾಗಾಗಿ ಮೊದಲ ಸಂಜೆಯೇ ಎಲ್ಲರನ್ನೂ ಕೂರಿಸಿ. ಗಂಡಸರನ್ನೂ. ಒಂದು ಪುಸ್ತಕದಲ್ಲಿ ಹೆಸರು, ಊರು, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬಸುರಿ, ಯಾವ ಮಾತ್ರೆ ಎಷ್ಟು ಉಳಿದಿದೆ, ಎಲ್ಲಾ ಬರೆಯಿರಿ. ಅಕ್ಕಿ, ಬೇಳೆ, ಸಿಲಿಂಡರ್ ಎಷ್ಟಿದೆ ನೋಡಿ. ಇಪ್ಪತ್ತು ಜನರ ಒಂದು ಊಟಕ್ಕೆ ಸುಮಾರು ಎರಡು ಕೆ.ಜಿ. ಅಕ್ಕಿ ಬೇಕು. ಹಾಲಿದ್ದರೆ ಕೂಸುಗಳಿಗೆ ಮೊದಲು, ದೊಡ್ಡವರಿಗೆ ಕಪ್ಪು ಕಾಫಿ. ಅಡುಗೆ, ಪಾತ್ರೆ, ನೀರು ಕಾಯಿಸುವುದು ಇವಕ್ಕೆ ಸರದಿ ಹಾಕಿ. ಬೆಂಗಳೂರು ಹುಡುಗರಿಗೂ ಪಾತ್ರೆ ಸರದಿ ಬರಲಿ. ಬೇಸರ ಮಾಡಿಕೊಳ್ಳುತ್ತಾರೆ ಅಂತ ಹೆದರಬೇಡಿ. ಕೆಲಸ ಇಲ್ಲದೆ ಕೂತವರೇ ಬೇಗ ಕುಡಿತಕ್ಕೂ ಗಾಳಿಸುದ್ದಿಗೂ ಬೀಳುತ್ತಾರೆ.

ಇನ್ನೊಂದು, ನಾಚಿಕೆಯಿಂದ ಬಿಟ್ಟುಬಿಡುವ ವಿಷಯ. ಹೆಣ್ಣುಮಕ್ಕಳು ಮಲಗಲು ಒಳಗಿನಿಂದ ಚಿಲಕ ಇರುವ ಕೋಣೆ ಬೇಕು. ರಾತ್ರಿ ಶೌಚಕ್ಕೆ ಇಬ್ಬರು ಜೊತೆಯಾಗಿ, ಟಾರ್ಚ್ ಹಿಡಿದು ಹೋಗಬೇಕು. ಮುಟ್ಟಿನ ಬಟ್ಟೆ ಅಥವಾ ಪ್ಯಾಡ್ ಎರಡು ಹೆಚ್ಚೇ ಇಟ್ಟುಕೊಂಡು ಹೊರಡಿ. ನಿಮಗೆ ಬೇಡವಾದರೆ ಅಲ್ಲಿರುವ ಯಾವುದೋ ಹುಡುಗಿಗೆ ಬೇಕಾಗುತ್ತದೆ.

ಚಳಿ ಅಂತ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕೆಂಡ ಇಟ್ಟುಕೊಂಡು ಮಲಗಬೇಡಿ. ಜನರೇಟರನ್ನೂ ಒಳಗೆ ಹಾಕಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಕುಡಿಯುವ ನೀರು ಕೊತಕೊತ ಕುದಿಯಲೇಬೇಕು. ಭೇದಿ ಶುರುವಾದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟಸವಾಗಿ ಅಳೆದು ಬೆರೆಸಿ ಸ್ವಲ್ಪ ಸ್ವಲ್ಪ ಕುಡಿಸಿ. ಎಲ್ಲರೂ ಮೊಬೈಲ್ ಹಚ್ಚಿಕೊಂಡು ಕೂರಬೇಡಿ. ಒಂದು ಬಿಟ್ಟು ಉಳಿದವು ಆಫ್ ಇರಲಿ. ಆ ಒಂದರಿಂದ 112ಕ್ಕೋ, ಜಿಲ್ಲೆಯ ಸಹಾಯವಾಣಿ 1077ಕ್ಕೋ ಫೋನ್ ಮಾಡಿ, ಪುಸ್ತಕ ನೋಡಿಕೊಂಡು ಎಷ್ಟು ಜನ, ಎಷ್ಟು ಮಕ್ಕಳು ಅಂತ ಹೇಳಬಹುದು.

ಗುಡ್ಡದ ಪಕ್ಕ ಇದ್ದರೆ ಎಲ್ಲಕ್ಕಿಂತ ಮೊದಲು ಮಣ್ಣನ್ನು ನೋಡಿ. ನೆಲದಲ್ಲಿ ಹೊಸ ಬಿರುಕು, ಮರ ಕಂಬ ವಾಲುವುದು, ತೊರೆಯ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು, ಇವು ಕಂಡರೆ ಸಾಮಾನು ಬಿಟ್ಟು ಆ ಜಾಗದಿಂದ ಹೊರಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜರಿದು ಎಷ್ಟೋ ಮನೆಗಳೇ ಹೋದವು. ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ಅಪರಿಚಿತರ ಪಕ್ಕ ಚಾಪೆ ಹಾಸಿ ಮಲಗಿದರು. ರಜೆಗೆ ಹೋದ ನಾವು ಮಳೆ ನಿಂತರೆ ಮನೆಗೆ ಬರುತ್ತೇವೆ, ಅವರಿಗೆ ಬರಲು ಮನೆಯೇ ಇರಲಿಲ್ಲ. ಅಂಥ ಸಮಯದಲ್ಲಿ "ಈಗ ಬರಬೇಡಿ" ಅಂತ ಜಿಲ್ಲಾಡಳಿತ ಹೇಳಿದರೆ ಹೋಗದೇ ಇರುವುದೇ ನಾವು ಮಾಡುವ ಸಹಾಯ.

ಕೊನೆಗೆ ದುಡ್ಡಿನ ಮಾತು. ಹೆಚ್ಚಿಗೆ ಉಳಿದ ದಿನಕ್ಕೆ ಬಾಡಿಗೆ ಎಷ್ಟು, ದಿನಸಿ ಯಾರದು ಎಂಬುದನ್ನು ಹೊರಡುವ ದಿನ ಕೇಳಿದರೆ ಗಲಾಟೆ ಗ್ಯಾರಂಟಿ. ಮೊದಲ ಸಂಜೆಯೇ ಮಾಲೀಕರ ಎದುರು ಅದೇ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಅಲ್ಲಿಯ ಕೆಲಸದ ಹೆಂಗಸು ನಿಮ್ಮ ಜೊತೆಯಲ್ಲೇ ಸಿಕ್ಕಿಕೊಂಡು ತನ್ನ ಮಕ್ಕಳನ್ನು ಬಿಟ್ಟು ದುಡಿದಿದ್ದರೆ, ಆಕೆಯ ಆ ದಿನಗಳ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿ.